ಮಲ್ಲಿಗೆಯ ಮಾರಿನಲ್ಲಿ ಅಳೆದ ಸಮುದ್ರ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ತಡಮಾಡಿ ಹೇಳಿದರೆ ವಿನಯ ಅಂದುಕೊಳ್ಳುತ್ತೀರಿ. ಅಷ್ಟು ವಿನಯ ನನಗಿಲ್ಲ. ಹಾರವಾಡದ ಮೀನುಗಾರರ ಕೇರಿಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು ಬಿ.ಎಸ್‌ಸಿ. ಮುಗಿಸಿದೆ. ಅವ್ವ ಅದೇ ಹೊತ್ತಿಗೆ ಎದುರು ದಿಕ್ಕಿನ ಬಸ್ಸು ಹಿಡಿದು ಮೀನುಬುಟ್ಟಿಯೊಂದಿಗೆ ಅಂಕೋಲೆ ಪೇಟೆಗೆ ಹೋಗುತ್ತಿದ್ದಳು. ಅವಳಿಗೂ ಸೀಟು ಸಿಗುತ್ತಿರಲಿಲ್ಲ. ಖಾಲಿ ಇದ್ದರೂ ಸಿಗುತ್ತಿರಲಿಲ್ಲ.

ಬಿ.ಎಸ್‌ಸಿ. ಆದಮೇಲೆ ಕಾರವಾರದಲ್ಲೇ ಭೂವಿಜ್ಞಾನದಲ್ಲಿ ಎಂ.ಎಸ್‌ಸಿ.ಗೆ ಸೇರಿದೆ. ಈ ಶತಮಾನದ ಮೊದಲ ಹತ್ತು ವರ್ಷದೊಳಗಿನ ಮಾತು. ‘ಮಗಳು ಎಂತಾ ಓದ್ತಾಳೆ’ ಎಂದು ಪೇಟೆಯಲ್ಲಿ ಗಿರಾಕಿಗಳು ಕೇಳಿದರೆ ಅವ್ವ ‘ಕಲ್ಲಿಂದು ದೊಡ್ಡ ಓದು’ ಎನ್ನುತ್ತಿದ್ದಳು. ಒಂದು ದಿನ ಒಬ್ಬ ನಿವೃತ್ತ ಮಾಸ್ತರರು ಬಂಗಡೆ ಆರಿಸುತ್ತಲೇ ತಮ್ಮ ಕಿಡ್ನಿಯ ಕಲ್ಲಿಗೆ ನನ್ನಿಂದ ಔಷಧ ಕೇಳಿ ಕಳಿಸಿದ್ದರು. ‘ಹೆಚ್ಚು ನೀರು ಕುಡೀಲಿ’ ಎಂದು ಹೇಳಿ ಕಳಿಸಿದೆ. ಗುಣವಾಯಿತಂತೆ. ನನ್ನ ವಿದ್ಯೆಯಿಂದ ಊರಿಗೆ ಆದ ಮೊದಲ ಉಪಕಾರ ಅದು. ಬಹುಶಃ ಕೊನೆಯದೂ ಇರಬಹುದು.

ನನಗೆ ಬೇಕಿದ್ದದ್ದು ಒಂದೇ, ಫಸ್ಟ್ ಕ್ಲಾಸ್. ಅಂಕೋಲೆಯ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವರ ಜಾಗ ಖಾಲಿಯಾಗುವುದಿತ್ತು. ಫಸ್ಟ್ ಕ್ಲಾಸ್ ಇಲ್ಲದವರ ಅರ್ಜಿಯನ್ನು ತೆರೆದೂ ನೋಡುವುದಿಲ್ಲ ಎಂದು ಅಲ್ಲಿನ ಆಡಳಿತದವರು ಮೊದಲೇ ಹೇಳಿದ್ದರು. ಮೂರು ಸೆಮಿಸ್ಟರಿನ ಅಂಕಗಳನ್ನು ಕೂಡಿಸಿ ನೋಡಿದರೆ ಎಲ್ಲವೂ ಕೊನೆಯ ಪ್ರಬಂಧದ ಮೇಲೆ ನಿಂತಿತ್ತು. ಅದರಲ್ಲಿ ಅರ್ಧ ಅಂಕ ಹೊರಗಿನಿಂದ ಬರುವ ಪರೀಕ್ಷಕರ ಕೈಯಲ್ಲಿ, ಇನ್ನರ್ಧ ನನ್ನ ಮಾರ್ಗದರ್ಶಕರ ಕೈಯಲ್ಲಿ.

ಮಾರ್ಗದರ್ಶಕರು ಮೈಸೂರು ಕಡೆಯವರು. ಹೆಸರು ಬೇಡ. ಕಾರವಾರಕ್ಕೆ ಬಂದು ಹಲವು ವರ್ಷವಾಗಿದ್ದರೂ ಮೀನು ತಿನ್ನುತ್ತಿರಲಿಲ್ಲ, ಸಮುದ್ರಕ್ಕೆ ಇಳಿಯುತ್ತಿರಲಿಲ್ಲ, ಸಮುದ್ರದ ಬಗ್ಗೆ ಮಾತ್ರ ಎಲ್ಲವನ್ನೂ ತಿಳಿದಿದ್ದರು. ಅವರ ಕೋಣೆಯ ಗಾಜಿನ ಕಪಾಟಿನಲ್ಲಿ ಕಚ್ಛದಿಂದ ತಂದ ಮರಳುಗಲ್ಲಿನ ಹಲಗೆಗಳಿದ್ದವು. ಅವುಗಳಲ್ಲಿ ಎಲುಬಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ. ಇದ್ದದ್ದು ಬರೀ ತೂತು ಮತ್ತು ಗೀಟು. ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದ ಕೆಸರಿನಲ್ಲಿ ಯಾವುದೋ ಹುಳ ಕೊರೆದ ಬಿಲ, ಯಾವುದೋ ಏಡಿ ನಡೆದ ಜಾಡು ಹಾಗೇ ಕಲ್ಲಾಗಿ ನಿಂತದ್ದು. ಜಾಡಿನ ಪಳೆಯುಳಿಕೆ ಅಂತ ಕರೆಯುತ್ತಾರೆ. ಮನೆಯವರು ಎಲ್ಲಿಗೆ ಹೋದರು, ಯಾರಾಗಿದ್ದರು ಗೊತ್ತಿಲ್ಲ. ಮನೆ ಮಾತ್ರ ಉಳಿದಿದೆ.

ಈ ಜಾಡುಗಳಿಂದ ಹಳೆಯ ಸಮುದ್ರದ ಗುಣ ಹೇಳಬಹುದು ಎನ್ನುವುದು ನಮ್ಮ ವಿದ್ಯೆ. ವಿಷಯ ಕಷ್ಟದ್ದಲ್ಲ. ತೆರೆ ಬಡಿಯುವ ದಡದಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ, ಆಹಾರ ನೀರಿನಲ್ಲೇ ತೇಲುತ್ತಿರುತ್ತದೆ. ಅಲ್ಲಿನ ಪ್ರಾಣಿ ನೆಟ್ಟಗೆ ಕೆಳಕ್ಕೆ ಕೊಳವೆಯಂಥ ಬಿಲ ಕೊರೆದು ಅಡಗಿ, ಬಾಯಷ್ಟೇ ಮೇಲಿಟ್ಟು ಬದುಕುತ್ತದೆ. ನೀರು ಶಾಂತವಾದ ಕಡೆ ಆಹಾರ ಕೆಳಗೆ ಕೂತು ಕೆಸರಲ್ಲಿ ಸೇರುತ್ತದೆ. ಅಲ್ಲಿನ ಹುಳ ಕೆಸರು ತಿನ್ನುತ್ತ ಅಡ್ಡಡ್ಡ ಹೋಗುತ್ತದೆ. ನಮ್ಮ ಪಕ್ಕದೂರು ಅವರ್ಸಾದ ಗದ್ದೆಯಲ್ಲಿ ಹೂಡುವವರು ಬದುವಿನ ತನಕ ಹೋಗಿ, ತಿರುಗಿ, ಹೂಡಿದ ಸಾಲಿನ ಪಕ್ಕದಲ್ಲೇ ಬರುತ್ತಾರಲ್ಲ, ಅದೇ ಶಿಸ್ತು. ಉದ್ದ ತೂತು ಕಂಡರೆ ದಡ, ಅಡ್ಡ ಸಾಲು ಕಂಡರೆ ಆಳ. ನಮ್ಮ ಮಾರ್ಗದರ್ಶಕರು ಇದನ್ನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದರೆಂದರೆ ಹುಳಗಳೂ ಕೇಳಿಸಿಕೊಂಡು ಅದರಂತೆ ನಡೆಯಬೇಕಿತ್ತು.

ನನ್ನ ಕೆಲಸ ಇಷ್ಟು: ನಮ್ಮ ಕರಾವಳಿಯಲ್ಲಿ ಈಗ ಯಾವ ಆಳದಲ್ಲಿ ಯಾವ ಥರದ ಬಿಲ ಇದೆ ಎಂದು ದಡದಿಂದ ಹೊರಗಿನವರೆಗೆ ಪಟ್ಟಿ ಮಾಡುವುದು, ಅದನ್ನು ಕಪಾಟಿನ ಕಲ್ಲಿನ ಪಕ್ಕ ಇಟ್ಟು ಆ ಹಳೆಯ ಸಮುದ್ರ ಎಷ್ಟು ಆಳವಿತ್ತೆಂದು ಹೇಳುವುದು.

ದಡದ ಕೆಲಸ ಮಂಜಗುಣಿಯಲ್ಲಿ ಮಾಡಿದೆ. ಗಂಗಾವಳಿ ಹೊಳೆ ಸಮುದ್ರ ಸೇರುವ ಅಲ್ಲಿ ಇಳಿತದ ಹೊತ್ತಿಗೆ ಮರಳಿನ ತುಂಬ ಏಡಿಯ ತೂತು. ಪ್ಲಾಸ್ಟರ್ ಪುಡಿಯನ್ನು ನೀರಲ್ಲಿ ಕಲಸಿ ತೂತಿನೊಳಗೆ ಹೊಯ್ದು, ಗಟ್ಟಿಯಾದಮೇಲೆ ಅಗೆದು ತೆಗೆದರೆ ಬಿಲದ ಅಚ್ಚು ಸಿಗುತ್ತದೆ. ಚಿಪ್ಪಿಕಲ್ಲು ಆರಿಸಲು ಬಂದಿದ್ದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು.

“ಎಂತಾ ಮಾಡ್ತೀಯೇ ತಂಗಿ? ಏಡಿ ಮನೆಗೆ ಸ್ಲ್ಯಾಬ್ ಹಾಕ್ತೀಯಾ?”

“ಓದಿಗೆ ಅಕ್ಕಾ. ಎಮ್ಮೆಸ್ಸಿ.”

“ಅಯ್ಯೋ ಪಾಪ” ಎಂದಳು. ಏಡಿಗೋ ನನಗೋ ತಿಳಿಯಲಿಲ್ಲ.

ತೊಂದರೆ ಬಂದದ್ದು ನೀರಿನ ಕೆಲಸಕ್ಕೆ. ಆಳ ಅಳೆಯುವ ಯಂತ್ರ ನಮ್ಮ ವಿಭಾಗದಲ್ಲಿ ಇಲ್ಲವೆಂದಲ್ಲ. ಇತ್ತು, ಸ್ಟಾಕ್ ರಿಜಿಸ್ಟರಿನಲ್ಲಿ ನಂಬರಿನ ಸಮೇತ ಇತ್ತು. ನೀರು ತಾಗಿದರೆ ಕೆಟ್ಟುಹೋದೀತು ಎಂದು ಅದನ್ನು ಸಮುದ್ರಕ್ಕೆ ಒಯ್ಯುತ್ತಿರಲಿಲ್ಲ, ಅಷ್ಟೆ. “ನಿಮ್ಮಪ್ಪನ ದೋಣಿ ಇದೆಯಲ್ಲಮ್ಮ” ಎಂದರು ಮಾರ್ಗದರ್ಶಕರು. ಮಣ್ಣು ಕಚ್ಚಿಕೊಂಡು ಬರುವ ಕಬ್ಬಿಣದ ಬಾಯಿಯೊಂದನ್ನು ಮಾತ್ರ ಸಹಿ ಮಾಡಿಸಿಕೊಂಡು ಕೊಟ್ಟರು. ಅಪ್ಪ ಅದಕ್ಕೆ ಮೊಸಳೆ ಎಂದು ಹೆಸರಿಟ್ಟ.

ಅಪ್ಪ ಮೊಸಳೆಯನ್ನು ದೋಣಿಗೆ ಹತ್ತಿಸಿಕೊಂಡ, ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

“ಹೆಂಗಸ್ರು ದೋಣಿ ಹತ್ತುದಿಲ್ಲ. ಹತ್ತಿದ್ರೆ ಮೀನು ಬೀಳುದಿಲ್ಲ.”

“ಅದೇ ಮೀನು ಮಾರೂಕೆ ಹೆಂಗಸ್ರು ಬೇಕು, ಅಲ್ದ ಅಪ್ಪಾ?”

“ಬೇಕು. ಆದ್ರೆ ಅಷ್ಟೊತ್ತಿಗೆ ಮೀನು ಸತ್ತಿರ್ತದೆ, ಅದಕ್ಕೆ ಗುತ್ತಾಗುದಿಲ್ಲ.”

ಕೊನೆಗೆ ಅಪ್ಪನೇ ಬಲೆ ಬಿಡಲು ಹೋದಲ್ಲೆಲ್ಲ ಕೆಸರು ತಂದುಕೊಡುವುದೆಂದಾಯಿತು. ಮೊಸಳೆ ತಂದ ಕೆಸರಿಗೆ ಚಹಾಪುಡಿಯ ಡಬ್ಬಿಯನ್ನು ಮೆಲ್ಲಗೆ ಒತ್ತಿ, ಒಳಗಿನ ಪದರ ಕದಡದಂತೆ ಎತ್ತಿಕೊಂಡು ಮುಚ್ಚಳ ಹಾಕಿ ಹುರಿಯಿಂದ ಕಟ್ಟುತ್ತಿದ್ದ. ನಾನು ಹೇಳಿಕೊಟ್ಟದ್ದು ಒಂದೇ ಸಲ. ಅಪ್ಪನಿಗೆ ಬರೆಯಲು ಬಾರದು. ತುದಿಗೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ, ಅದನ್ನು ಮೇಲೆಳೆಯುವಾಗ ಎಷ್ಟು ಮಾರು ಬಂತೋ ಅಷ್ಟು ಗಂಟನ್ನು ಡಬ್ಬಿಯ ಹುರಿಗೆ ಹಾಕುತ್ತಿದ್ದ. ಹನ್ನೆರಡು ಗಂಟೆಂದರೆ ಹನ್ನೆರಡು ಮಾರು ಆಳ. ನಾನು ಡಬ್ಬಿ ಬಿಚ್ಚಿ, ಕೆಸರನ್ನು ಸೋಪು ಕೊಯ್ದಂತೆ ಗಾಳದ ದಾರದಿಂದ ಕೊಯ್ದು, ಒಳಗಿನ ಬಿಲಗಳ ಚಿತ್ರ ಬರೆಯುತ್ತಿದ್ದೆ. ಪ್ರಬಂಧದ ಎರಡನೆಯ ಪುಟದಲ್ಲಿ ‘ಎಲ್ಲ ಮಾದರಿಗಳನ್ನೂ ನಾನು ಖುದ್ದಾಗಿ ಸಂಗ್ರಹಿಸಿದ್ದೇನೆ’ ಎಂಬ ಪ್ರಮಾಣಪತ್ರಕ್ಕೆ ಸಹಿಯನ್ನೂ ಖುದ್ದಾಗಿಯೇ ಹಾಕಿದೆ.

ಮೊದಲ ಕಂತಿನ ಡಬ್ಬಿಗಳನ್ನು ಕಾರವಾರಕ್ಕೆ ಒಯ್ದಾಗ ಮಾರ್ಗದರ್ಶಕರು ಗಂಟು ಎಣಿಸಿದರು. ‘ಮಾರು’ ಎಂಬ ಶಬ್ದ ಕೇಳಿ ಅವರ ಮುಖ ಅರಳಿತು. “ಎಷ್ಟು ಚೆನ್ನಾದ ಮಾತಮ್ಮ, ನಮ್ಮ ಕಡೆಯೂ ಇದೆ” ಎಂದು ಎದ್ದು, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಒಂದು ಮಾರು ಎಂದರೆ ಎರಡು ಮೊಳ, ಎರಡು ಮೊಳ ಎಂದರೆ ಮೂರು ಅಡಿ. ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಇಲ್ಲಿ ನನ್ನ ಪೆದ್ದುತನವನ್ನು ಮುಚ್ಚಿಡುವುದಿಲ್ಲ. ಅಪ್ಪ ಹಗ್ಗ ಎಳೆಯುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಎರಡೂ ಕೈ ಅಗಲಿಸಿ ಎಳೆದರೆ ಒಂದು ಮಾರು. ಅದು ಎಷ್ಟುದ್ದ ಎಂದು ನನ್ನ ಕಣ್ಣಿಗೆ ಗೊತ್ತಿತ್ತು. ಆದರೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದದ್ದು ಕಣ್ಣಿಗಿಂತ ನಿಜವೆಂದು ಹದಿನಾರು ವರ್ಷ ಶಾಲೆ ಕಾಲೇಜುಗಳಲ್ಲಿ ಕಲಿತಿದ್ದೆ. ಕಷ್ಟಪಟ್ಟು ಕಲಿತದ್ದನ್ನು ಅಷ್ಟು ಸುಲಭವಾಗಿ ಬಿಡಲಾಗುತ್ತದೆಯೆ?

ಲೆಕ್ಕ ಹಾಕುತ್ತ ಹೋದಂತೆ ಒಂದು ಆಶ್ಚರ್ಯ ಮೂಡಿತು. ದಡದಾಚೆಯ ದ್ವೀಪಗಳ ನಡುವಿನಿಂದ ಬಂದ, ಹನ್ನೆರಡು ಮಾರಿನ ಏಳನೆಯ ಡಬ್ಬಿಯಲ್ಲಿ ಗದ್ದೆ ಹೂಡಿದಂಥ ಅಡ್ಡ ಸಾಲುಗಳಿದ್ದವು, ಆಳದ ಶಾಂತ ನೀರಿನ ಹುಳದವು. ಲೆಕ್ಕದ ಪ್ರಕಾರ ಅಲ್ಲಿಯ ಆಳ ಮಾತ್ರ ಹನ್ನೊಂದೇ ಮೀಟರ್. ಅಷ್ಟು ಕಡಿಮೆ ಆಳದ ನೀರಲ್ಲಿ, ಮಳೆಗಾಲದಲ್ಲಿ ತೆರೆ ತಳವನ್ನೇ ಕಲಕುವ ಜಾಗದಲ್ಲಿ, ಇಂಥ ಸಾಲು! ಮಾರ್ಗದರ್ಶಕರಿಗೆ ಖುಷಿಯಲ್ಲಿ ಅಂದು ಊಟ ಸೇರಲಿಲ್ಲ. ‘ದ್ವೀಪಗಳ ಮರೆಯಲ್ಲಿ ಅಪೂರ್ವ ಶಾಂತ ತಳ’ ಎಂದು ತಲೆಬರಹ ಕೊಟ್ಟು ಒಂದು ವಿಚಾರ ಸಂಕಿರಣಕ್ಕೆ ಸಾರಾಂಶ ಕಳಿಸಿಯೇಬಿಟ್ಟರು. ಅಲ್ಲಿಗೇ ನಿಲ್ಲಲಿಲ್ಲ. ಕಪಾಟಿನ ಕಲ್ಲಿನಲ್ಲಿಯೂ ಅಂಥದೇ ಸಾಲು ಇದ್ದುದರಿಂದ, ಇದುವರೆಗೆ ಎಲ್ಲರೂ ಆಳವೆಂದು ತಿಳಿದಿದ್ದ ಆ ಹಳೆಯ ಸಮುದ್ರವೂ ಇನ್ನು ಮುಂದೆ ಹನ್ನೊಂದೇ ಮೀಟರ್ ಎಂದು ನನ್ನ ಕೊನೆಯ ಅಧ್ಯಾಯದಲ್ಲಿ ಸೇರಿಸಲು ಹೇಳಿದರು. ಸೇರಿಸಿದೆ. ಅವರು ಹೇಳಿದಂತೆ ಬರೆಯುತ್ತಾ ಹೋದರೆ ಫಸ್ಟ್ ಕ್ಲಾಸ್ ಹತ್ತಿರ ಬರುತ್ತಿತ್ತು.

ಬೈಂಡ್ ಮಾಡಿಸಲು ಕೊಡುವ ನಾಲ್ಕು ದಿನ ಮೊದಲು, ಭಾನುವಾರ, ಟೈಪಾದ ಪ್ರತಿಯನ್ನು ಮನೆಗೆ ತಂದಿದ್ದೆ. ಅಪ್ಪ ಜಗುಲಿಯಲ್ಲಿ ಬಲೆ ಹೊಲಿಯುತ್ತಿದ್ದ. ಅವ್ವ ಅಂಗಳದಲ್ಲಿ ಸೀಗಡಿ ಒಣಹಾಕುತ್ತಿದ್ದಳು. ಅಪ್ಪನ ಡಬ್ಬಿಗಳು ಎಷ್ಟು ದೊಡ್ಡ ಪುಸ್ತಕವಾದವು ಎಂದು ತೋರಿಸುವ ಹೆಮ್ಮೆ ನನಗೆ. ಇಂಗ್ಲಿಷನ್ನು ಕನ್ನಡ ಮಾಡಿ ಓದಿ ಹೇಳಿದೆ.

“ಏಳನೇ ಡಬ್ಬಿ. ದ್ವೀಪಗಳ ನಡುವೆ. ಆಳ ಹನ್ನೊಂದು ಮೀಟರ್.”

ಅಪ್ಪನ ಕೈ ನಿಂತಿತು. “ಹನ್ನೆರಡು ಗಂಟಿಂದು?”

“ಹೌದು.”

“ಹನ್ನೊಂದು ಮೀಟ್ರು ಅಂತ ಯಾರು ಹೇಳಿದ್ರು? ಅಲ್ಲಿ ಟ್ರಾಲರಿನ ಮಿಷನ್ನು ಇಪ್ಪತ್ತೊಂದು ತೋರಿಸ್ತದೆ. ನಾನೇ ನೋಡಿದ್ದೆ.”

“ಮಿಷನ್ನು ತಪ್ಪಿರಬಹುದು ಅಪ್ಪಾ. ಇದು ಲೆಕ್ಕ.”

ಅಪ್ಪ ಎದ್ದುನಿಂತ. ಒಂದು ಕೈ ಗೋಡೆಗೆ ತಾಗಿಸಿ ಇನ್ನೊಂದನ್ನು ಕಂಬದ ಕಡೆ ಚಾಚಿದ. “ಇದು ಮಾರು. ನಿನ್ನ ಪುಸ್ತಕದಾಗೆ ಎಷ್ಟದೆ, ತೋರ್ಸು.”

ನಾನು ಮೂರಡಿ ತೋರಿಸಿದೆ. ಅದು ಅಪ್ಪನ ಎದೆಯ ನಡುವಿನಿಂದ ಬೆರಳ ತುದಿಗೆ ಬಂತು.

“ಇದು ಒಂದೇ ಕೈ ಆಯ್ತು. ನನ್ನ ಇನ್ನೊಂದು ಕೈ ಎಲ್ಲಿ ಹಾಕ್ದೆ ಮಾರಾಯ್ತಿ?”

ಅವ್ವ ಅಂಗಳದಿಂದ ತಲೆ ಎತ್ತದೆ ಹೇಳಿದಳು: “ಇನ್ನೊಂದು ಕೈಲಿ ಬೀಡಿ ಸೇದ್ತಿದ್ರು ಅಂತ ಬರ್ದಿರ್ಬೇಕು.”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಜಗುಲಿಯ ಮೇಲೆ ಕೂತು ಪ್ರತಿಯ ಪುಟ ತಿರುವಿದೆ. ಪ್ರತಿ ಕೋಷ್ಟಕದಲ್ಲೂ, ಪ್ರತಿ ನಕ್ಷೆಯಲ್ಲೂ ಅಪ್ಪನ ಒಂದು ಕೈ ಕಾಣೆಯಾಗಿತ್ತು. ತಳ ಶಾಂತವಾಗಿದ್ದದ್ದು ಅಪೂರ್ವವೇನಲ್ಲ. ಅದು ಇಪ್ಪತ್ತು ಮೀಟರಿಗಿಂತ ಆಳದಲ್ಲಿತ್ತು, ಶಾಂತವಾಗಿತ್ತು, ಮುಗಿಯಿತು.

ಸೋಮವಾರ ಬೆಳಿಗ್ಗೆ ಮಾರ್ಗದರ್ಶಕರ ಕೋಣೆಯಲ್ಲಿ ನಿಂತು ವಿಷಯ ಹೇಳಿದೆ.

“ನಂಗೆ ಮಾರು ಗೊತ್ತಿಲ್ವೇನಮ್ಮ?” ಎಂದರು. ಕೋಪವಿರಲಿಲ್ಲ, ಕನಿಕರವಿತ್ತು. “ಮದುವೆಯಾದಾಗಿನಿಂದ ಊರಿಗೆ ಹೋದಾಗೆಲ್ಲ ಮನೆಗೆ ಮಲ್ಲಿಗೆ ತಗೊಂಡು ಹೋಗ್ತೀನಿ. ಹೂವಿನವಳು ಹೀಗೆ ಮೊಣಕೈಯಿಂದ ಅಳೀತಾಳೆ. ಎರಡು ಮೊಳ ಅಳೆದ್ರೆ ಒಂದು ಮಾರು.”

ಆಗ ನನಗೆ ಬೆಳಕಾಯಿತು. ನಮ್ಮ ಅಂಕೋಲೆ ಪೇಟೆಯಲ್ಲಿ ಹೂವನ್ನು ಮಾರಿನಲ್ಲಿ ಕೊಡುವುದಿಲ್ಲ, ದಂಡೆ ಲೆಕ್ಕದಲ್ಲಿ ಕೊಡುತ್ತಾರೆ. ನನಗೆ ಮಾರೆಂದರೆ ನೀರು, ಹಗ್ಗ. ಅವರಿಗೆ ಮಾರೆಂದರೆ ಮಲ್ಲಿಗೆ. ಒಂದೇ ಶಬ್ದವನ್ನು ಇಬ್ಬರೂ ಐದು ತಿಂಗಳು ಬಾಯಿ ತುಂಬ ಆಡಿದ್ದೆವು. ಆ ನಡುವೆ ಕೋಟ್ಯಂತರ ವರ್ಷದ ಹಿಂದಿನ ಒಂದು ಸಮುದ್ರದ ಅರ್ಧ ನೀರನ್ನು ಮಲ್ಲಿಗೆ ಕುಡಿದು ಮುಗಿಸಿತ್ತು.

“ಅದು ಹೂವಿನ ಮಾರು ಸರ್. ಇದು ನೀರಿನದು.”

“ಅಳತೆಯಲ್ಲೂ ಹೂವು, ನೀರು ಅಂತ ಜಾತಿ ಇದೆಯೇನಮ್ಮ?” ಎಂದು ಬೆಲ್ ಒತ್ತಿ ಜವಾನನನ್ನು ಕರೆದರು. ಜವಾನ ಅಂಕೋಲೆ ಕಡೆಯವನು. “ನೀನು ಇಲ್ಲಿಯವನೇ ಅಲ್ವೇನಯ್ಯ? ಹೇಳು, ಮಾರು ಅಂದ್ರೆ ಎಷ್ಟು?”

ಜವಾನ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಬೋರ್ಡು ನೋಡಿದ. “ನೀವು ಹೇಳ್ದಷ್ಟೇ ಸರ್.”

“ನೋಡಿದೆಯಾ?” ಎಂದರು ನನಗೆ.

ಆಮೇಲೆ ಕಾರಿಡಾರಿನಲ್ಲಿ ಜವಾನ ಹಿಂದಿನಿಂದ ಬಂದು ಪಿಸುಗುಟ್ಟಿದ: “ಎರಡು ಕೈ ತಂಗಿ, ಗುತ್ತದೆ ನಂಗೆ. ಆದ್ರೆ ನಂದು ಪರ್ಮನೆಂಟ್ ಆಗೂಕೆ ಇನ್ನೂ ಆರು ತಿಂಗ್ಳು ಅದೆ.”

ಅಂದು ಮಧ್ಯಾಹ್ನ ಮಾರ್ಗದರ್ಶಕರು ಮತ್ತೆ ಕರೆಸಿದರು. ಅವರಿಗೂ ಒಳಗೊಳಗೆ ಅನುಮಾನ ಹುಟ್ಟಿರಬೇಕು. ದಾರಿ ಹುಡುಕಿದ್ದರು. “ಕೋಷ್ಟಕದಲ್ಲಿ ಮೀಟರ್ ಕಾಲಂ ತೆಗೆದುಬಿಡು. ಬರೀ ಮಾರು ಅಂತ ಇಡು. ಓದೋರು ಅವರವರ ಮಾರಿನಲ್ಲಿ ಓದ್ಕೊಳ್ಳಲಿ.”

“ಕೊನೆಯ ಅಧ್ಯಾಯ ಸರ್? ಅಲ್ಲಿ ಹನ್ನೊಂದು ಮೀಟರ್ ಇದೆ.”

“ಅದು ಇರಲಿ. ಸಂಕಿರಣಕ್ಕೆ ಹೋಗಿಯಾಯ್ತಲ್ಲ.” ಕನ್ನಡಕ ತೆಗೆದು ಒರೆಸಿದರು. “ಇಂಟರ್ನಲ್ ಮಾರ್ಕು ಇನ್ನೂ ಹಾಕಿಲ್ಲ ಕಣಮ್ಮ. ವೈವಾದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಹೇಳು.”

ಅವರು ಹೇಳಿದಂತೆಯೇ ಮಾಡಿದೆ. ಸತ್ಯಕ್ಕಾಗಿ ಅಲ್ಲೇ ಸೆಟೆದು ನಿಂತೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಂತಿಲ್ಲ. ಡಿಟಿಪಿ ಅಂಗಡಿಗೆ ಹೋಗಿ, ಟೈಪು ಮಾಡುವ ಹುಡುಗಿಯ ಪಕ್ಕ ಕೂತು, ಒಂದೊಂದೇ ಕೋಷ್ಟಕದಿಂದ ಮೀಟರನ್ನು ಅಳಿಸಿ ಹಾಕಿಸಿದೆ. ಕೆಂಪು ರಟ್ಟು, ಬಂಗಾರದ ಅಕ್ಷರ. ಪ್ರಬಂಧ ಬಹಳ ಚಂದ ಕಾಣುತ್ತಿತ್ತು.

ಮಾರ್ಗದರ್ಶಕರ ಕೋಣೆಯಲ್ಲೇ ನಡೆದ ಮೌಖಿಕ ಪರೀಕ್ಷೆಗೆ ಧಾರವಾಡದ ಕಡೆಯ ಹಿರಿಯ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ಬಿಳಿ ಮೀಸೆ, ಖಾದಿ ಜುಬ್ಬ. ಸಮುದ್ರ ಕಂಡು ಮಗುವಿನಂತೆ ಖುಷಿಯಾಗಿದ್ದರು, ಮಧ್ಯಾಹ್ನದ ಮೀನಿನ ಊಟದಿಂದ ಇನ್ನೂ ಖುಷಿಯಾಗಿದ್ದರು. ಮಂಜಗುಣಿಯ ಏಡಿ ಬಿಲದ ಅಚ್ಚುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ “ಛಲೋ ಅದಾವು” ಎಂದರು. ಮಾರ್ಗದರ್ಶಕರು ನನ್ನ ಕಡೆ ನೋಡಿ ಮುಗುಳ್ನಕ್ಕರು. ನಾನು ಮನಸ್ಸಿನಲ್ಲೇ ಅಂಕೋಲೆಯ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದೆ. ಅಷ್ಟರಲ್ಲಿ ಅವರು ಕೋಷ್ಟಕದ ಪುಟ ತೆರೆದರು.

“ಏನವಾ, ಇಲ್ಲಿ ಆಳ ಎಲ್ಲಾ ಮಾರಿನಾಗ ಬರದೀ. ಮಾರು ಅಂದ್ರ ಎಷ್ಟು?”

“ಅದೊಂದು ಸ್ಥಳೀಯ ಅಳತೆ ಸರ್” ಎಂದು ಮಾರ್ಗದರ್ಶಕರು ನಡುವೆ ಬಂದರು.

“ಗೊತ್ತೈತ್ರಿ. ನಮ್ಮ ಕಡೆ ಬಾವಿ ಹಗ್ಗ ಅಳಿಯೂದು ಮಾರಿನಾಗ. ಹುಡುಗೀನ ಕೇಳಾಕತ್ತೀನಿ.”

ಕೇಳಿದ್ದಕ್ಕಷ್ಟೇ ಉತ್ತರ ಹೇಳು ಎಂದಿದ್ದರಲ್ಲ. ಈಗ ಕೇಳಿಯಾಗಿತ್ತು. ಎರಡು ಮೊಳ ಎಂದರೆ ಫಸ್ಟ್ ಕ್ಲಾಸ್. ನಾಲಿಗೆಯ ತುದಿಯಲ್ಲಿ ಆ ಎರಡು ಮೊಳ ಬಂದು ಕೂತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎದುರಿಗಿರುವ ಮನುಷ್ಯ ಬಾವಿ ಹಗ್ಗ ಎಳೆದವರು. ಅವರ ಎದುರಿಗೆ ಒಂದೇ ಕೈಯಿಂದ ಮಾರು ತೋರಿಸುವ ಧೈರ್ಯ ನನಗೆ ಬರಲಿಲ್ಲ. ಎದ್ದುನಿಂತು ಎರಡೂ ಕೈ ಅಗಲಿಸಿದೆ. ಬಲಗೈ ಮಾರ್ಗದರ್ಶಕರ ಭುಜಕ್ಕೆ ತಾಗಿತು. ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

“ಇಷ್ಟು ಸರ್. ಅಪ್ಪನದು ಇದಕ್ಕಿಂತ ಒಂದು ಗೇಣು ಹೆಚ್ಚು.”

“ಹಂಗಾರ ಹನ್ನೆರಡು ಮಾರು ಅಂದ್ರ ಇಪ್ಪತ್ತು ಮೀಟರ್ ದಾಟ್ತೈತಿ. ಕೊನೀ ಅಧ್ಯಾಯದಾಗ ಹನ್ನೊಂದು ಹೆಂಗ ಬಂತು?”

“ಅದು ತಪ್ಪು ಸರ್.”

“ಯಾರ ತಪ್ಪು?”

ಮಾರ್ಗದರ್ಶಕರು ಕಿಟಕಿಯಾಚೆ ತೆಂಗಿನ ಮರವೊಂದನ್ನು ಅದರ ಜಾತಿ ಗುರುತಿಸುವವರಂತೆ ನೋಡುತ್ತಿದ್ದರು.

“ನನ್ನದು ಸರ್. ಅಪ್ಪನ ಕೈಯನ್ನು ನಾನು ಅಳೀಲಿಲ್ಲ.”

ಹಿರಿಯರು ಪ್ರಬಂಧ ಮುಚ್ಚಲಿಲ್ಲ. ಮೀಸೆ ನೀವುತ್ತ ಕಪಾಟಿನ ಕಲ್ಲಿನ ಕಡೆ ಕೈ ಮಾಡಿದರು. “ಇದು ದೊಡ್ಡ ತಪ್ಪಲ್ಲ ಬಿಡವಾ. ಇದರಕಿಂತ ದೊಡ್ಡದೊಂದು ಮಾಡೀರಿ ನೀವು. ಆ ಹುಳಕ್ಕ ಮಾರೂ ಗೊತ್ತಿಲ್ಲ, ಮೀಟರೂ ಗೊತ್ತಿಲ್ಲ. ಅದಕ್ಕ ಗೊತ್ತಿರೂದು ತೆರಿ ಎಷ್ಟು ಅಲ್ಲಾಡಸ್ತೈತಿ, ತಿನ್ನಾಕ ಎಲ್ಲೈತಿ, ಉಸಿರಾಡಾಕ ಎಷ್ಟೈತಿ, ಅಷ್ಟ. ದ್ವೀಪದ ಮರೆ ಇದ್ದಲ್ಲೆ ಐದು ಮೀಟರಿನಾಗೂ ಅಡ್ಡ ಹೂಡೀತು. ಬಿರುಗಾಳಿ ಬಂದ್ರ ಆಳದಾಗೂ ನೆಟ್ಟಗ ತೂತು ಕೊರದೀತು. ಜಾಡು ನೋಡಿ ಅಲ್ಲಿಯ ಬಾಳುವೆ ಹೆಂಗಿತ್ತು ಅಂತ ಹೇಳು. ಆಳ ಎಷ್ಟು ಅಂತ ಮುದ್ರೆ ಒತ್ತಬ್ಯಾಡ.”

ಐದು ತಿಂಗಳು ಗಟ್ಟಿ ಮಾಡಿದ ವಿದ್ಯೆ ಒಂದು ನಿಮಿಷದಲ್ಲಿ ಮೆತ್ತಗಾಯಿತು. ನನಗೆ ವಿಚಿತ್ರವಾಗಿ ಹಗುರವೂ ಆಯಿತು. ಎಂಟು ದಿನದೊಳಗೆ ಕೋಷ್ಟಕ ಸರಿಪಡಿಸಿ, ಕೊನೆಯ ಅಧ್ಯಾಯ ತಿದ್ದಿ, ಮಾರಿನ ಅಳತೆಯನ್ನು ಎಲ್ಲಿಂದ ಪಡೆದೆ ಎಂದು ಅಡಿಟಿಪ್ಪಣಿಯಲ್ಲಿ ತೋರಿಸಿ ಒಪ್ಪಿಸಬೇಕೆಂದು ಬರೆದುಕೊಟ್ಟು ಹೋದರು.

ದೋಣಿ ಕಟ್ಟುವ ಆಚಾರಿಯಿಂದ ಉದ್ದದ ಟೇಪು ಎರವಲು ತಂದೆ. ಅಪ್ಪನನ್ನು ಗೋಡೆಗೆ ನಿಲ್ಲಿಸ ಹೋದರೆ ಎದೆ ಉಬ್ಬಿಸಿ ಬೆರಳು ಸೆಟೆಸಿ ನಿಂತ, ಪುಸ್ತಕಕ್ಕೆ ಹೋಗುವ ಅಳತೆಯಲ್ಲವೆ!

“ಉಗುರು ಸೇರಿಸ್ಬೇಡ” ಎಂದಳು ಅವ್ವ. “ಎರಡು ವಾರದಿಂದ ಕತ್ತರಿಸ್ಲಿಲ್ಲ ಅವ್ರು. ಸಮುದ್ರದ ಆಳ ಹೆಚ್ಚಾಗ್ತದೆ.”

“ನೀ ಸುಮ್ನಿರೇ. ನಿಂಗೆ ಸೈನ್ಸು ಗುತ್ತದ್ಯಾ?”

“ಉಗುರು ಗುತ್ತದೆ.”

ಗೋಡೆಗೆ ನಿಂತ ಅಪ್ಪ ಬೇರೆ, ದೋಣಿಯಲ್ಲಿ ನಿಂತ ಅಪ್ಪ ಬೇರೆ ಎಂದು ಆಗ ಹೊಳೆಯಿತು. ದೋಣಿಯಲ್ಲಿ ಯಾರೂ ಸೆಟೆದು ನಿಂತು ಹಗ್ಗ ಎಳೆಯುವುದಿಲ್ಲ. ಅದೇ ಗುಂಡಿನ ಹಗ್ಗವನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ, “ನೀರಲ್ಲಿ ಎಳೆದ ಹಾಗೆ ಹತ್ತು ಮಾರು ಎಳೆ, ನನ್ನ ಕಡೆ ನೋಡಬೇಡ” ಎಂದೆ. ಅಪ್ಪ ಬಗ್ಗಿ, ಮಾತಿಲ್ಲದೆ, ಎಂದಿನ ಲಯದಲ್ಲಿ ಎಳೆದ. ಅಳೆದರೆ ಐವತ್ತೇಳೂವರೆ ಅಡಿ ಬಂತು. ಹತ್ತರಿಂದ ಭಾಗಿಸಿದೆ: ಐದು ಅಡಿ ಒಂಬತ್ತು ಇಂಚು. ಹನ್ನೆರಡು ಮಾರಿಗೆ ಲೆಕ್ಕ ಹಾಕಿದರೆ ಇಪ್ಪತ್ತೊಂದು ಮೀಟರ್, ಟ್ರಾಲರಿನ ಮಿಷನ್ನು ಹೇಳಿದಷ್ಟೇ. ಇಡೀ ಪ್ರಬಂಧದಲ್ಲಿ ನಾನು ಖುದ್ದಾಗಿ ಮಾಡಿದ ಆಳದ ಅಳತೆ ಇದೊಂದೇ, ಅದೂ ಒಣ ನೆಲದ ಮೇಲೆ.

ಅಡಿಟಿಪ್ಪಣಿಯಲ್ಲಿ ‘ಮಾದರಿ ಸಂಗ್ರಹಿಸಿದ ಮೀನುಗಾರನು ಹಗ್ಗ ಎಳೆದಂತೆ ಅಳೆದದ್ದು’ ಎಂದು ಬರೆದೆ. ಎರಡನೆಯ ಪುಟದ ಪ್ರಮಾಣಪತ್ರದಲ್ಲಿ ‘ಖುದ್ದಾಗಿ’ ಎಂಬುದನ್ನು ಹೊಡೆದು ಹಾಕಿದೆ. ಮಾರ್ಗದರ್ಶಕರು ಓದದೆ ಸಹಿ ಮಾಡಿದರು. ಅವರು ಸಂಕಿರಣಕ್ಕೆ ಹೋಗಲಿಲ್ಲ ಅಂದುಕೊಳ್ಳಬೇಡಿ. ಹೋದರು. ಶಾಂತ ತಳದ ಬದಲು ‘ಸ್ಥಳೀಯ ಅಳತೆಗಳನ್ನು ಬಳಸುವಾಗ ವಿದ್ಯಾರ್ಥಿಗಳು ಮಾಡುವ ತಪ್ಪುಗಳು’ ಎಂದು ಮಾತಾಡಿ ಚಪ್ಪಾಳೆ ಗಿಟ್ಟಿಸಿ ಬಂದರು ಎಂದು ಆರು ತಿಂಗಳ ಮೇಲೆ ಜವಾನ ಹೇಳಿದ. ಅಷ್ಟರಲ್ಲಿ ಅವನೂ ಪರ್ಮನೆಂಟ್ ಆಗಿದ್ದ, ಧೈರ್ಯವಾಗಿ ನಕ್ಕ.

ಫಲಿತಾಂಶ ಬಂದಾಗ ಹೊರಗಿನ ಪರೀಕ್ಷಕರು ನಾನು ಆಸೆಪಟ್ಟದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದರು. ಇಂಟರ್ನಲ್ ಅಂಕ ಪಾಸಾಗುವಷ್ಟಿತ್ತು. ಎಲ್ಲ ಕೂಡಿಸಿದರೆ ಫಸ್ಟ್ ಕ್ಲಾಸಿಗೆ ಎರಡು ಕಡಿಮೆ. ನೋಟಿಸ್ ಬೋರ್ಡಿನ ಮುಂದೆ ನಿಂತು ಮೂರು ಸಲ ಕೂಡಿಸಿದೆ. ಈ ಲೆಕ್ಕದಲ್ಲಿ ಯಾರೂ ತಪ್ಪು ಮಾಡಿರಲಿಲ್ಲ.

ಮನೆಗೆ ಬಂದು ಹೇಳಿದೆ, “ಎರಡು ಮಾರ್ಕು ಕಮ್ಮಿ ಬಿತ್ತು ಅಪ್ಪಾ.”

“ಎರಡು ಮಾರಾ?” ದೋಣಿಯ ಇಂಜಿನ್ನಿನ ಸದ್ದಿನಿಂದ ಅಪ್ಪನಿಗೆ ಕಿವಿ ಸ್ವಲ್ಪ ಮಂದ. “ಅದು ಬಾಳ ಆಯ್ತಲ್ಲೇ ಮಗಾ.”

“ಮಾರ್ಕು ಅಪ್ಪಾ.”

“ಹಾಂ, ಮಾರ್ಕಾ? ಅದು ಸಣ್ಣದು, ಅಲ್ದ?”

ಸಣ್ಣದಲ್ಲ ಎಂದು ಅವ್ವನಿಗೆ ಗೊತ್ತಾಗಿತ್ತು. ಅವಳು ಮಾರಲೆಂದು ಇಟ್ಟ ದುಬಾರಿ ಇಸವಾಣ ಮೀನಿನಲ್ಲಿ ನಡುವಿನ ತುಂಡೊಂದನ್ನು ನನಗೆ ಕೊಯ್ದಿಟ್ಟಳು. ಕಾಲೇಜಿನ ಆ ಜಾಗಕ್ಕೆ ಬೇರೆ ಯಾರೋ ಬಂದರು. ಅವರು ಒಳ್ಳೆಯ ಪಾಠ ಮಾಡುತ್ತಾರೆಂದು ಕೇಳಿದ್ದೇನೆ. ಮಾಡದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮುಂದಿನ ಜೂನಿನಲ್ಲಿ ಬಿ.ಎಡ್. ಸೀಟಿಗೆ ಅರ್ಜಿ ತುಂಬಿದೆ. ಹೈಸ್ಕೂಲಿನ ವಿಜ್ಞಾನದ ಮಾಸ್ತರಿಕೆಗಾದರೂ ದಾರಿಯಾದೀತು ಎಂದು. ‘ತಂದೆಯ ಉದ್ಯೋಗ’ ಎಂಬಲ್ಲಿ ಮೀನುಗಾರಿಕೆ, ‘ತಾಯಿಯ ಉದ್ಯೋಗ’ ಎಂಬಲ್ಲಿ ಮೀನು ಮಾರಾಟ ಎಂದು ಬರೆದೆ. ‘ಪಡೆದ ದರ್ಜೆ’ ಎಂಬಲ್ಲಿ ದ್ವಿತೀಯ ಎಂದು ಬರೆದೆ. ಅಕ್ಷರ ದುಂಡಗೆ ಬಂತು.